ಭಾವನ ಪಾಲಿನ ನೀರು

ನೀಲಗಿರಿ ಎಲೆ ಉರಿಯುವ ಹೊಗೆಗೆ ಒಂದು ಘಾಟು ಇರುತ್ತೆ. ಮೂಗಿಗೆ ಬಡಿದ ತಕ್ಷಣ ಕಣ್ಣು ತುಂಬಿಕೊಳ್ಳುತ್ತೆ. ಹೋದ ಚಳಿಗಾಲದಲ್ಲಿ ಮೊಮ್ಮಗಳ ಜೊತೆ ಚಿನ್ನದ ಗಣಿಯ ಉರಿಗಾಂನಲ್ಲಿ, ಕೂಲಿಗಳ ಲೈನ್ ಮನೆಗಳ ಮಧ್ಯೆ ನಡೆದು ಹೋಗುವಾಗ ಯಾರದೋ ಹಿತ್ತಲಿನಿಂದ ಆ ಹೊಗೆ ಬಂತು. ನಾನು ಅಲ್ಲೇ ನಿಂತುಬಿಟ್ಟೆ. "ಯಾಕಜ್ಜಿ, ಕಾಲು ನೋವಾ?" ಅಂದಳು ಹುಡುಗಿ. ಕಾಲಿಗೇನೂ ಆಗಿರಲಿಲ್ಲ. ಯಾರೋ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು, ಅಷ್ಟೆ.

ಈ ಊರು ನೋಡಲೇಬೇಕು ಅಂತ ಹಟ ಹಿಡಿದವಳು ಅವಳೇ. ರಜೆ ಬಂದರೆ ಬೆಂಗಳೂರಿನವರೆಲ್ಲ ಕಾರು ಮಾಡಿಕೊಂಡು ಇಲ್ಲಿಗೆ ಬರುತ್ತಾರಂತೆ. ಸೈನೈಡ್ ದಿಬ್ಬದ ಮುಂದೆ ಫೋಟೋ, ಸಾಹೇಬರ ಹಳೇ ಬಂಗಲೆಗಳ ಮುಂದೆ ಫೋಟೋ, ಆಮೇಲೆ ಬೇತಮಂಗಲದ ಕೆರೆ, ಕೋಟಿಲಿಂಗ, ವಾಪಸು ಹೋಗುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ. ನಾನು ಸಂಸಾರ ಮಾಡಿದ ಜಾಗ ಟೂರು ಬರುವ ಜಾಗ ಆಗಿದೆ ಅಂತ ಕೇಳಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಮ್ಮ ಹಳ್ಳಿಯಿಂದ ಅದೇನು ಮಹಾ ದೂರವಲ್ಲ. ಆದರೂ ಎಷ್ಟೋ ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಎದುರುಮನೆ ಅಕ್ಕ ಇದ್ದದ್ದು ಆ ಊರಲ್ಲಿ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಉರಿಗಾಂಗೆ ಬಂದೆ. ಬಂಗಾರಪೇಟೆ ಹತ್ತಿರದ ಹಳ್ಳಿಯ ರಾಗಿ ಬೆಳೆಯೋರ ಮನೆ ಹುಡುಗಿ ನಾನು. ನಮ್ಮ ಮನೆಯವರಿಗೆ ಗಣಿಯ ಬಾವಿ ಬಾಯಲ್ಲಿ ಕೆಲಸ. ಜನರನ್ನು ಕೆಳಕ್ಕೆ ಇಳಿಸುವ ಕೇಜಿನ ಪಕ್ಕ ನಿಂತು ಗಂಟೆ ಹೊಡೆಯೋದು. ಮೇಲಿನ ಕೆಲಸ, ಭಯವಿಲ್ಲ ಅಂತ ನಮ್ಮಪ್ಪ ಒಪ್ಪಿದ್ದು. ಬಂದ ಮೊದಲ ದಿನವೇ, ನಾನು ಒಲೆ ಮುಂದೆ ಕೂತಿರುವಾಗ, ಕಾಲಡಿಯ ನೆಲ ಗಡಗಡ ಅಂತು. ಗೂಡಿನಲ್ಲಿದ್ದ ಪಾತ್ರೆಗಳೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನಾನು ಕಿರುಚಿಕೊಂಡು ಬೀದಿಗೆ ಓಡಿದೆ. ಎದುರು ಬಾಗಿಲಲ್ಲಿ ಎಲೆ ಅಡಿಕೆ ಜಗಿಯುತ್ತಾ ನಿಂತಿದ್ದ ಹೆಂಗಸು ನನ್ನ ರೆಟ್ಟೆ ಹಿಡಿದು ಒಳಕ್ಕೆ ಕರೆದುಕೊಂಡು ಬಂದಳು.

"ಅದು ಕೆಳಗೆ ಬಂಡೆ ಸಿಡಿಯೋದು ಕಣಮ್ಮಿ. ದಿನಾ ಆಯ್ತದೆ. ಪಾತ್ರೇನ ಒಳಕ್ಕೆ ಸರಿಸಿ ಜೋಡಿಸ್ಕೋ, ಆಯ್ತು" ಅಂದಳು. ಅಂದು, ತಾನೇ ಜೋಡಿಸಿಕೊಟ್ಟಳು.

ಅವಳೇ ಅಕ್ಕ. ಎತ್ತರದ ಆಳು, ದೊಡ್ಡ ಗಂಟಲು. ಮುಳಬಾಗಿಲು ಕಡೆಯವಳು. ಸಿಟ್ಟು ಬಂದರೆ ತೆಲುಗು, ಆಂಡರ್ಸನ್‌ಪೇಟೆಯ ಅಂಗಡಿಯಲ್ಲಿ ಚೌಕಾಸಿಗೆ ತಮಿಳು, ನನ್ನ ಹತ್ತಿರ ಕನ್ನಡ. ಆ ಭಾನುವಾರವೇ ನನಗೆ ಊರು ತೋರಿಸುತ್ತೇನೆ ಅಂತ ಹೊರಡಿಸಿದಳು. ಈಗ ಮೊಮ್ಮಗಳ ಫೋನಿನಲ್ಲಿ ಇದ್ದ ಜಾಗಗಳನ್ನೇ ಹೆಚ್ಚುಕಡಿಮೆ ತೋರಿಸಿದಳು ಅನ್ನಿ. ಸೈನೈಡ್ ದಿಬ್ಬ ನೋಡಿ ನಾನು ಎಷ್ಟೊಂದು ಮರಳು ಅಂದೆ. "ಮುಟ್ಟಿಗಿಟ್ಟೀಯ. ಚಿನ್ನ ತೆಕ್ಕಂಡು ನಮ್ಗೆ ಬಿಟ್ಟಿರೋ ಪಾಲು ಅದು. ಗಾಳಿ ಬಂದ್ರೆ ಮುದ್ದೆಗೂ ಬೀಳ್ತದೆ" ಅಂದಳು. ಬಂಗಲೆಗಳ ಗೇಟಿನ ಹೊರಗೆ ನಿಲ್ಲಿಸಿ ಹೂವಿನ ಗಿಡಗಳನ್ನು ತೋರಿಸಿದಳು. ಬಾವಿಯ ಮೇಲಿನ ದೊಡ್ಡ ಚಕ್ರ ತೋರಿಸಿದಳು. ಆಮೇಲೆ ಬಸ್ಸು ಹತ್ತಿಸಿ ಬೇತಮಂಗಲಕ್ಕೆ ಕರೆದುಕೊಂಡು ಹೋದಳು. ಕೆರೆಯ ಮೆಟ್ಟಿಲಲ್ಲಿ ಕೂತು ನೀರಿಗೆ ಕೈ ಅದ್ದಿ, "ನಮ್ಮ ನಲ್ಲೀಗೆ ಬರೋದು ಈ ನೀರೇ. ನಮ್ಮನೆ ಅಂಡೇಲಿ ಕಾಯೋದೂ ಇದೇ" ಅಂದಳು. ನನಗೆ ಇನ್ನೂ ಸ್ವಲ್ಪ ಹೊತ್ತು ಕೂರುವ ಆಸೆ. ಅವಳು ಎದ್ದುಬಿಟ್ಟಳು. ಅವಳ ಗಂಡನನ್ನು ನಾನು ಭಾವ ಅಂತಿದ್ದೆ. ಭಾವನ ಶಿಫ್ಟು ಮುಗಿಯುವ ಹೊತ್ತಿಗೆ ನೀರು ಕಾಯ್ದಿರಬೇಕಲ್ಲ, ಅದಕ್ಕೆ. ಭಾನುವಾರವೂ ಅವರಿಗೆ ಕೆಲಸವಿತ್ತು.

ಆ ನೀರಿನ ವಿಷಯ ಹೇಳಬೇಕು. ಶಿಫ್ಟು ಬಿಡುವ ಮುಂಚೆ ಗಣಿಯ ಸೈರನ್ ಕೂಗುತ್ತಿತ್ತು. ಸಂಗು ಅಂತಿದ್ದೆವು ಅದಕ್ಕೆ. ಸಂಗು ಆಯ್ತು ಅಂದರೆ ಲೈನಿನ ಅಷ್ಟೂ ಹಿತ್ತಲಲ್ಲಿ ಹಂಡೆ ಕೆಳಗೆ ಬೆಂಕಿ. ಕೆಳಗಿನಿಂದ ಬಂದವರು ಮೈಯೆಲ್ಲ ಬೂದು ಕೆಸರು ಮೆತ್ತಿಕೊಂಡು ಬರುತ್ತಿದ್ದರು. ಯಾರ ಮನೆಯಲ್ಲೂ ಅವರನ್ನು ಮಾತಾಡಿಸುತ್ತಿರಲಿಲ್ಲ, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಮೊದಲು ಬಿಸಿನೀರು. ನೀರು ಮೈಮೇಲೆ ಬಿದ್ದ ಮೇಲೇ ಅವನು ಮೇಲೆ ಬಂದ ಹಾಗೆ ಲೆಕ್ಕ. ಅಕ್ಕನ ಗಂಡ ತೀರಾ ಆಳದಲ್ಲಿ ಕೆಲಸ ಮಾಡುತ್ತಿದ್ದರು. ಬಂಡೆ ಕುಸಿಯದ ಹಾಗೆ ಮರದ ಆನಿಕೆ ಕೊಡುವ ಕೆಲಸ. ಮಾತು ಕಡಿಮೆ. ಅಕ್ಕ ಬಚ್ಚಲಲ್ಲಿ ಅವರ ಬೆನ್ನಿಗೆ ನೀರು ಹುಯ್ಯುವಾಗ ಮಾತ್ರ "ಇನ್ನೊಂದು ಚೊಂಬು, ಇನ್ನೊಂದು ಚೊಂಬು" ಅನ್ನೋದು, ಅವಳು ಬೈಯುತ್ತಾ ನಗೋದು ನಮ್ಮ ಮನೆಗೆ ಕೇಳಿಸುತ್ತಿತ್ತು. ನಾನು ಹೊಸಬಳು, ನಾಚಿಕೊಂಡು ಒಳಗೆ ಹೋಗುತ್ತಿದ್ದೆ.

ಅವರಿಗೆ ಒಬ್ಬನೇ ಮಗ. ಅವನನ್ನು ಅಕ್ಕ ಉರಿಗಾಂನಲ್ಲಿ ಇಟ್ಟುಕೊಂಡಿರಲಿಲ್ಲ. ಬಂಗಾರಪೇಟೆಯಲ್ಲಿ ತನ್ನ ತಮ್ಮನ ಮನೆಯಲ್ಲಿ ಬಿಟ್ಟು ಹೈಸ್ಕೂಲು ಓದಿಸುತ್ತಿದ್ದಳು. ರಜೆಗೆ ಬಂದರೂ ಬಾವಿಯ ಕಡೆ ಹೋಗಲು ಬಿಡುತ್ತಿರಲಿಲ್ಲ. ಆ ಲೈನಿನಲ್ಲಿ ಅಪ್ಪನ ಹಿಂದೆ ಮಗ ಗಣಿಗೆ ಇಳಿಯೋದು ಯಾರನ್ನೂ ಕೇಳದೆ ನಡೆದುಬರುವ ಮಾತು. ಯಾಕಂದರೆ ಮನೆ ಕಂಪನಿಯದು. ಮನೆಯ ಗಂಡಸೊಬ್ಬ ಗಣಿಯಲ್ಲಿ ದುಡಿಯುವವರೆಗೆ ಮನೆ ನಿಮ್ಮದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಎಲ್ಲರೂ ತಲೆ ಬಗ್ಗಿಸಿದ ಆ ರೂಲಿನ ಮೇಲೆ ಅಕ್ಕನಿಗೆ ಜಿದ್ದು. "ನನ್ನ ಮಗ ಮೇಷ್ಟ್ರಾಯ್ತಾನೆ. ಮನೆ ಓದ್ರೆ ಓಗ್ಲಿ. ನಾ ಎತ್ತಿರೋ ಮಗು ಅದರೊಳಕ್ಕೆ ಇಳಿಯಾಕೆ ಬಿಡಾಕಿಲ್ಲ" ಅನ್ನುತ್ತಿದ್ದಳು. ನೂರು ಸಲ ಅಂದಿದ್ದಾಳೆ ಈ ಮಾತನ್ನ. ಭಾವ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದರು.

ಅರವತ್ತರ ದಶಕ ಶುರುವಾಗಿ ಸ್ವಲ್ಪ ವರ್ಷ ಆಗಿತ್ತು. ಮಗ ಹೈಸ್ಕೂಲು ಮುಗಿಸಿ, ಕೋಲಾರದಲ್ಲಿ ಮೇಷ್ಟ್ರ ಟ್ರೈನಿಂಗಿಗೆ ಸೀಟು ಸಿಕ್ಕಿ, ಅಕ್ಕ ಲೈನಿಗೆಲ್ಲ ಸಕ್ಕರೆ ಹಂಚಿದ್ದಳು. ಅದಾದ ಮೇಲಿನ ಒಂದು ಮಧ್ಯಾಹ್ನ ನೆಲ ಅಲುಗಿತು. ದಿನಾ ಅಲುಗುವ ಹಾಗಲ್ಲ... ಗೂಡಿನ ಪಾತ್ರೆಯೆಲ್ಲ ನೆಲಕ್ಕೆ ಬಿತ್ತು, ಹೆಂಚು ಜಾರಿತು, ನಾಯಿಗಳು ಒಟ್ಟಿಗೆ ಬೊಗಳಿದವು. ಹೆಂಗಸರೆಲ್ಲ ಇದ್ದ ಬಟ್ಟೆಯಲ್ಲೇ ಬಾವಿಯ ಕಡೆ ಓಡಿದರು. ನಾನೂ ಓಡುತ್ತಾ ತಿರುಗಿ ನೋಡಿದೆ. ಅಕ್ಕ ಓಡಲಿಲ್ಲ. ಹಿತ್ತಲಿಗೆ ಹೋಗಿ ಹಂಡೆ ಕೆಳಗೆ ನೀಲಗಿರಿ ಎಲೆ ತುರುಕುತ್ತಿದ್ದಳು.

"ಬಾರಕ್ಕ" ಅಂತ ಕೂಗಿದೆ.

"ನೀನು ಓಗು. ಇವ್ರು ಬರೋ ಒತ್ತಿಗೆ ನೀರು ಕಾಯ್ದಿರ್ಬೇಕು" ಅಂದಳು. ನನ್ನ ಕಡೆ ತಿರುಗಲೂ ಇಲ್ಲ.

ಬಾವಿಯ ಹತ್ತಿರ ಕೇಜು ಮೇಲೆ ಬಂತು, ಕೆಳಗೆ ಹೋಯ್ತು, ಮತ್ತೆ ಬಂತು. ಸುಮಾರು ಜನ ನಡೆದುಕೊಂಡು ಬಂದರು, ಕೆಲವರನ್ನು ಹೊತ್ತುಕೊಂಡು ಬಂದರು. ನಮ್ಮ ಮನೆಯವರು ಗಂಟೆ ಹೊಡೆಯುತ್ತಲೇ ಇದ್ದರು. ನನ್ನ ಮುಖ ನೋಡಲಿಲ್ಲ. ಅದರಲ್ಲೇ ನನಗೆ ಅರ್ಥವಾಯ್ತು. ಭಾವ, ಅವರ ಜೊತೆ ಇದ್ದವರು ಯಾರೂ ಬರಲಿಲ್ಲ. ಆ ದಿನವೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಹುಡುಕಲು ಇಳಿದವರ ಮೇಲೂ ಬಂಡೆ ಬೀಳಲು ಶುರುವಾದ ಮೇಲೆ, ಇನ್ನು ಆಗಲ್ಲ, ಆ ದಾರಿಗೆ ಗೋಡೆ ಕಟ್ಟಿ ಮುಚ್ಚೋದು ಅಂತ ತೀರ್ಮಾನ ಆಯ್ತು. ನಮ್ಮ ಮನೆಯವರು ಊಟಕ್ಕೆ ಕೂತು ಅದನ್ನು ಹೇಳಿದರು. ತಟ್ಟೆಗೆ ಕೈ ಹಾಕದೆ ಎದ್ದುಹೋದರು.

ನೆಂಟರು ಬಂದರು, ಹಿರಿಯರು ಬಂದರು. ಕುಂಕುಮ ಅಳಿಸಬೇಕು, ಬಳೆ ಒಡೆಯಬೇಕು, ಕಾರ್ಯ ಮಾಡಬೇಕು ಅಂದರು. ಅಕ್ಕ ಅಷ್ಟು ದಿನದಲ್ಲಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ಎಣ ತೋರ್ಸಿ. ತೋರ್ಸಿದ್ರೆ ಬಳೆ ನಾನೇ ಒಡ್ಕೋತೀನಿ" ಅಂದಳು. ಯಾರು ಏನು ತೋರಿಸುತ್ತಾರೆ? ಒಬ್ಬೊಬ್ಬರೇ ಎದ್ದು ಹೋದರು. ಸಂಜೆ ಸಂಗು ಆಯ್ತು. ಅಕ್ಕ ಹಂಡೆಗೆ ಬೆಂಕಿ ಹಾಕಿದಳು. ಮಾರನೆಯ ಸಂಜೆಯೂ ಹಾಕಿದಳು. ರಾತ್ರಿಯೆಲ್ಲ ತಣ್ಣಗಾದ ನೀರನ್ನು ಬೆಳಿಗ್ಗೆ ಎದ್ದು ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದಳು.

ಮನೆ ಬಿಡುವ ಮಾತು ಬರಬೇಕಿತ್ತು, ಬಂತು. ಹೇಳಲು ಬಂದ ಗುಮಾಸ್ತ ಒಳ್ಳೆಯವನೇ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಮೆತ್ತಗೆ ಹೇಳಿದ. ಅಕ್ಕನ ತಮ್ಮ ಬಂಗಾರಪೇಟೆಗೆ ಬಂದುಬಿಡು ಅಂದ. ನಾನೂ ಹೇಳಿದೆ. ನೀನೇ ಅಂತಿದ್ದೆಯಲ್ಲ ಅಕ್ಕ, ಮನೆ ಹೋದರೆ ಹೋಗಲಿ ಅಂತ, ಹೋಗಿಬಿಡು, ಮಗ ಕೋಲಾರಕ್ಕೆ ಹೋಗಲಿ ಅಂದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಲ್ಲಿದೆ. ಏನೂ ತಿಳಿಯದ ಎಳೆಮಗುವನ್ನು ನೋಡುವ ಹಾಗೆ ನೋಡಿದಳು.

"ನಾವು ಓದ್ಮೇಲೆ ಇವ್ರು ಬಂದ್ರೆ? ಬೇರೆಯೋರ ಮನೆ ಬಾಗಿಲಲ್ಲಿ ಕೆಸರು ಮೈಯಾಗೆ ನಿಂತ್ಕಬೇಕಾ?"

ಅವಳಿಗೆ ತಲೆ ಕೆಟ್ಟಿದೆ ಅಂತ ಲೈನಿನಲ್ಲಿ ಅಂದರು. ನನಗೆ ಹಾಗನ್ನಿಸಲಿಲ್ಲ. ಸತ್ತವರನ್ನು ಸುಟ್ಟೋ ಹೂಳಿಯೋ ಬಂದರೆ ಅವರು ಹೋದರು ಅಂತ ಮನಸ್ಸು ನಂಬುತ್ತೆ. ಬೆಳಿಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಹೋದವನು ಬರಲಿಲ್ಲ ಅಂದರೆ, ಇನ್ನೂ ಬರಲಿಲ್ಲ ಅಂತ ತಾನೆ ಅರ್ಥ? ನನ್ನ ಗಂಡನಾಗಿದ್ದರೆ ನಾನೂ ಕಾಯಿಸುತ್ತಿದ್ದೆ.

ಮಗ ಟ್ರಂಕು ಹಿಡಿದುಕೊಂಡು ಬಂದ. ಅವನು ಕಟ್ಟಿಕೊಂಡು ಬಂದದ್ದು ಕೋಲಾರಕ್ಕೆ ಹೋಗುವ ಟ್ರಂಕು. ಎರಡು ಸಂಜೆ ಅಮ್ಮ ಹಂಡೆ ಮುಂದೆ ಕೂರೋದನ್ನು ನೋಡಿದ. ಮೂರನೇ ದಿನ ಗಣಿ ಆಫೀಸಿಗೆ ಹೋಗಿ ಹೆಸರು ಬರೆಸಿದ. ನನ್ನ ಹತ್ತಿರ ಮಾತ್ರ ಹೇಳಿದ: "ಒಂದೇ ವರ್ಷ ಚಿಕ್ಕಮ್ಮ. ಅಷ್ಟೊತ್ತಿಗೆ ಅಪ್ಪ ಇಲ್ಲ ಅನ್ನೋದು ಅಮ್ಮನ ಮನಸಿಗೆ ಬರ್ತದೆ. ಬರೋ ವರ್ಷ ಸೀಟು ಮತ್ತೆ ಕೇಳ್ತೀನಿ." ಅವನು ಮೊದಲ ಸಲ ಇಳಿಯುವ ದಿನ ನಾನು ಓಡಿಹೋಗಿ, ಅಕ್ಕ, ತಡಿ ಅವನನ್ನ ಅಂದೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. "ತಡೀಬೇಕಮ್ಮಿ. ಬಾಯೇ ಬತ್ತಾ ಇಲ್ಲ" ಅಂದಳು. ಹುಡುಗ ಬಾಗಿಲು ದಾಟಿ ಹೋದ.

ಆ ಸಂಜೆ ಅವನು ಅಪ್ಪನ ಹಾಗೇ ಕೆಸರು ಮೆತ್ತಿಕೊಂಡು ಬಂದ. ಅಕ್ಕ ಬಚ್ಚಲಲ್ಲಿ ನೀರು ಹುಯ್ದಳು. ಇನ್ನೊಂದು ಚೊಂಬು ಅಂತ ಅವನು ಕೇಳಿದಾಗ "ಸಾಕು. ಅದು ನಿಮ್ಮಪ್ಪಂದು" ಅಂದದ್ದು ನಮ್ಮ ಮನೆಗೆ ಕೇಳಿಸಿತು. ಹೊರಗೆ ಬಂದಾಗ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಬೂದು ಕೆಸರು ಹಾಗೇ ಇತ್ತು. ಅಲ್ಲಿಂದ ಮುಂದೆ ಪ್ರತಿ ಸಂಜೆಯೂ ಹಾಗೇ. ಹಂಡೆಯಲ್ಲಿ ಅರ್ಧ ಮಗನಿಗೆ, ಅರ್ಧ ಭಾವನಿಗೆ. ಆ ಹುಡುಗ ಪೂರ್ತಿ ಮೈ ತೊಳೆದುಕೊಂಡದ್ದನ್ನು ನಾನು ನೋಡಲೇ ಇಲ್ಲ.

ಆದರೂ ಅವನು ಹೇಳಿದ ಹಾಗೇ ಆಗುತ್ತೆ ಅಂತ ನನಗೂ ಆಸೆ ಹುಟ್ಟಿತ್ತು. ವರ್ಷ ತುಂಬುತ್ತಾ ಬಂದಾಗ ಅಕ್ಕ ಒಂದೊಂದು ದಿನ ಸಂಗು ಆದರೂ ಏಳುತ್ತಿರಲಿಲ್ಲ. ಮಗನೇ ಬೆಂಕಿ ಹಾಕಿಕೊಳ್ಳುತ್ತಿದ್ದ. ಬಂಗಾರಪೇಟೆಯಲ್ಲಿ ಬಾಡಿಗೆ ಎಷ್ಟಿದ್ದೀತು ಅಂತ ಒಂದು ಸಲ ನನ್ನನ್ನು ಕೇಳಿದಳು. ನಾನು ಮನೆಗೆ ಬಂದು ದೇವರಿಗೆ ದೀಪ ಹಚ್ಚಿದೆ.

ಅವರೆಕಾಯಿ ಕಾಲ. ಅಕ್ಕನ ಮನೆಯಲ್ಲಿ ಕೂತು ಇಬ್ಬರೂ ಅವರೆ ಹಿತುಕುತ್ತಿದ್ದೆವು. ಮಗ ಸ್ನಾನ ಮುಗಿಸಿ ಬಂದು ನಮ್ಮ ಪಕ್ಕ ಕೂತ. ಅವತ್ತು ಅವನನ್ನು ಅವರಪ್ಪ ಸಿಕ್ಕಿಕೊಂಡ ಕಡೆಯ ಕೆಲಸಕ್ಕೆ ಹಾಕಿದ್ದರಂತೆ.

"ಗೋಡೆ ನೋಡ್ದೆ ಅಮ್ಮ" ಅಂದ. "ಸಿಮೆಂಟು ಗೋಡೆ. ಕೈ ಇಟ್ಟು ನಿಂತ್ಕಂಡೆ ಒಂದು ಗಳಿಗೆ. ಇನ್ನೇನೂ ಇಲ್ಲ ಅಮ್ಮ ಅಲ್ಲಿ. ಬಿಸಿ ಗೋಡೆ, ಅಷ್ಟೇ."

ಅವನು ಹೇಳಿದ್ದು ಅವಳ ಮನಸ್ಸು ಗಟ್ಟಿಯಾಗಲಿ ಅಂತ. ಅಲ್ಲಿ ಯಾರೂ ಇಲ್ಲ, ಮುಗೀತು, ಹೋಗೋಣ ನಡಿ ಅಂತ. ಆದರೆ ಅಕ್ಕನ ಕೈಯಿಂದ ಅವರೆಕಾಳು ಕೆಳಗೆ ಬಿತ್ತು.

"ಬಿಸಿ ಐತಾ?"

"ಊಂ."

"ಎಷ್ಟು ಬಿಸಿ ಐತೋ? ಮೈ ಬಿಸಿಯಷ್ಟಾ?"

ಅಷ್ಟು ಆಳದಲ್ಲಿ ಬಂಡೆಯೆಲ್ಲ ಬಿಸಿಯೇ. ಆ ಲೈನಿನ ಹಾಲು ಹಲ್ಲಿನ ಮಗುವಿಗೂ ಗೊತ್ತಿತ್ತು. ಗಂಡಸರು ಲಂಗೋಟಿಯಲ್ಲಿ ಕೆಲಸ ಮಾಡಿ, ಉಪ್ಪು ನೀರು ಕುಡಿದು ಬರುತ್ತಿದ್ದರು. ಅಕ್ಕನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದಳು. ಮುಖ ಎತ್ತಿ, ಅಷ್ಟು ದಿನಗಳಲ್ಲಿ ಮೊದಲ ಸಲ ಕಣ್ಣು ತುಂಬಿಕೊಂಡು ಕೇಳಿದಳು. ಹುಡುಗ ನನ್ನ ಕಡೆ ನೋಡಿದ. ಮತ್ತೆ ಅವಳ ಆ ಮುಖ ನೋಡಿ ತಡೆಯಲಾರದೆ ಹೋದ.

"ಊಂ ಅಮ್ಮ. ಮೈ ಬಿಸಿಯಷ್ಟೇ" ಅಂದ.

ಅಂದ ತಕ್ಷಣ ತಾನು ಏನು ಮಾಡಿಬಿಟ್ಟೆ ಅಂತ ಅವನಿಗೆ ಗೊತ್ತಾಯ್ತು. ಅವನ ಬಾಯಿ ಹಾಗೇ ತೆರೆದುಕೊಂಡಿತ್ತು, ಇನ್ನೇನೋ ಸೇರಿಸುವ ಹಾಗೆ. ಅಕ್ಕ ಆಗಲೇ ಎದ್ದು ಹಿತ್ತಲಿಗೆ ಹೋಗಿದ್ದಳು. ಆರುತ್ತಿದ್ದ ಒಲೆಗೆ ಎಲೆ ತುರುಕುವ ಸದ್ದು ಕೇಳಿಸಿತು. ಬಂಗಾರಪೇಟೆಯ ಬಾಡಿಗೆ ಮನೆಯ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ. ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಅಕ್ಕ ಹೇಳಿಕೊಂಡು ಬಂದಳು, ನಮ್ಮನೆಯೋರ ಮೈ ಇನ್ನೂ ಬೆಚ್ಚಗೈತೆ, ಮಗ ಮುಟ್ಟಿ ಬಂದವ್ನೆ ಅಂತ. ಹುಡುಗ ತಲೆ ತಗ್ಗಿಸಿಕೊಂಡು ಶಿಫ್ಟಿಗೆ ಹೋಗುತ್ತಿದ್ದ. ಕೋಲಾರದ ಸೀಟನ್ನು ಅವನು ಮತ್ತೆ ಕೇಳಲಿಲ್ಲ.

ನನಗೆ ಆಮೇಲೆ ಆ ಊರಿನ ಮೇಲೆ ಹೇಸಿಗೆ ಬಂದುಬಿಟ್ಟಿತು. ನಮಗೂ ಗಂಡುಮಗು ಹುಟ್ಟಿತ್ತು. ಅತ್ತು, ಜಗಳವಾಡಿ, ಊಟ ಬಿಟ್ಟು ನಮ್ಮ ಮನೆಯವರ ಕೆಲಸ ಬಿಡಿಸಿದೆ. ಹಳ್ಳಿಯಲ್ಲಿ ಅವರ ಪಾಲಿಗೆ ಬಂದ ಚೂರು ಹೊಲ, ಎರಡು ಹಸು, ಅದರಲ್ಲೇ ಬದುಕಿದೆವು. ಹೊರಡುವ ದಿನ ಅಕ್ಕ ಮಗುವಿನ ತಲೆ ಮುಟ್ಟಿ, "ಇವನ್ನ ಇತ್ಲಾಗೆ ಕರ್ಕಂಡು ಬರಬ್ಯಾಡ" ಅಂದಳು. ಅವಳ ಮಗ ಆ ಹೊತ್ತು ಕೆಳಗಿದ್ದ.

ಅವನು ಮದುವೆಯಾಗಲಿಲ್ಲ. ಎದೆಗೆ ಧೂಳು ಹಿಡಿಯಿತು. ಕೆಮ್ಮುತ್ತಾ ಕೆಮ್ಮುತ್ತಾ ವಯಸ್ಸಿನಲ್ಲೇ ಹೋದ. ಈ ಸುದ್ದಿ ನನಗೆ ಸಿಕ್ಕಿದ್ದು ತಿಂಗಳುಗಳ ಮೇಲೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಹಳೇ ಲೈನಿನ ಹೆಂಗಸೊಬ್ಬಳ ಬಾಯಿಂದ. ಗಂಡಸಿಲ್ಲದ ಮನೆ ಬಿಡಿಸಿದರು, ಅಕ್ಕನನ್ನು ತಮ್ಮ ಕರೆದುಕೊಂಡು ಬಂದ ಅಂದಳು. ನಾನು ಹಾಲಿನ ಕ್ಯಾನನ್ನು ಅಲ್ಲೇ ಅಂಗಡಿಯಲ್ಲಿಟ್ಟು ತಮ್ಮನ ಮನೆ ಹುಡುಕಿಕೊಂಡು ಹೋದೆ. ಸ್ಟೇಷನ್ ಹಿಂದಿನ ಬೀದಿ. ಅಕ್ಕ ಬಾಗಿಲ ಪಕ್ಕ ಕೂತಿದ್ದಳು. ಕೈಯಲ್ಲಿ ಬಳೆ ಇತ್ತು. ನನ್ನ ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಯಾವುದೋ ಎಂಜಿನ್ನು ಕೂಗಿತು. ಅಕ್ಕ ತಟ್ಟನೆ ಎದ್ದು ಅಂಗಳದಲ್ಲಿ ಒಣಎಲೆ ಆರಿಸತೊಡಗಿದಳು. ಅದು ಜಂಕ್ಷನ್. ದಿನಕ್ಕೆ ಎಷ್ಟು ರೈಲು, ಎಷ್ಟು ಕೂಗು. "ಪ್ರತಿ ಕೂಗಿಗೂ ಇದೇ ಕಣಮ್ಮ" ಅಂದಳು ತಮ್ಮನ ಹೆಂಡತಿ. ಬೇಜಾರಿನಲ್ಲಿ ಅಂದದ್ದಲ್ಲ, ಸುಸ್ತಾಗಿ ಅಂದದ್ದು. ಅಕ್ಕ ಬಹಳ ದಿನ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಆ ಹೊಗೆಯ ವಾಸನೆ ಹಿಡಿದು ನಾನು ಹುಡುಕಿದ್ದು ಅಕ್ಕನ ಹಳೇ ಲೈನ್ ಮನೆಯನ್ನೇ. ಎಲ್ಲ ಲೈನೂ ಒಂದೇ ಥರ. ಅರ್ಧಕ್ಕರ್ಧ ಮನೆಗಳಿಗೆ ಬೀಗ. ಕರಿಬೇವಿನ ಗಿಡ ಇದ್ದಿದ್ದರೆ ಗುರುತು ಸಿಗುತ್ತಿತ್ತೇನೋ, ಅಲ್ಲಿ ಈಗ ಮುಳ್ಳುಕಂಟಿ. ಮೊಮ್ಮಗಳು ನನ್ನ ಕೈ ಹಿಡಿದು ಬಾವಿಯ ಕಡೆ ಕರೆದುಕೊಂಡು ಹೋದಳು. ತುಕ್ಕು ಹಿಡಿದ ಚಕ್ರ ನಿಂತಿತ್ತು. ಬೇಲಿಯ ಈಚೆ ಮೇಕೆ ಮೇಯಿಸುತ್ತಾ ಒಬ್ಬ ಮುದುಕ ಕೂತಿದ್ದ. ತಾನೂ ಒಳಗೆ ದುಡಿದವನೇ ಅಂದ, ಅರ್ಧ ತಮಿಳಲ್ಲಿ. ಗಣಿ ಮುಚ್ಚಿದ ಮೇಲೆ ನೀರೆತ್ತುವ ಪಂಪು ನಿಲ್ಲಿಸಿದರಂತೆ. ಈಗ ಒಳಗೆಲ್ಲ ನೀರೇ ತುಂಬಿದೆಯಂತೆ.

"ಕೆಳಗೆ ಗೋಡೆ ಕಟ್ಟಿದ್ದರಲ್ಲ" ಅಂದೆ.

"ಗೋಡೆ ಎಲ್ಲಮ್ಮ ತಾಳ್ತದೆ? ಎಲ್ಲಾ ಕಡೆ ಓಗಿರ್ತದೆ ತಣ್ಣಿ" ಅಂದ. ತಣ್ಣಿ ಅಂದರೆ ತಮಿಳಲ್ಲಿ ನೀರು.

ಮೊಮ್ಮಗಳು ಬೇಲಿಗೆ ಒರಗಿ ಫೋಟೋ ತೆಗೆದುಕೊಂಡಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಅಷ್ಟು ಆಳದಲ್ಲಿ ಬಂಡೆ ಬಿಸಿ. ಹಾಗಾದರೆ ಆ ನೀರೂ ಬಿಸಿಯಾಗೇ ಇರುತ್ತೆ. ಭಾವನ ಪಾಲಿನ ನೀರು ಕೊನೆಗೂ ಅವರ ಮೈಗೆ ತಲುಪಿತು. ಅದನ್ನು ಹೇಳೋಣ ಅಂದರೆ ಅಕ್ಕ ಇಲ್ಲ, ಕಿವಿಯ ಹಿಂದೆ ಕೆಸರು ಇಟ್ಟುಕೊಂಡೇ ಹೋದ ಆ ಹುಡುಗನೂ ಇಲ್ಲ. ತಡವಾಯ್ತು ಅಜ್ಜಿ, ಪಾನಿಪುರಿ ಗಾಡಿಗಳು ಹೊರಟುಹೋಗುತ್ತವೆ ಅಂದಳು ಮೊಮ್ಮಗಳು. ಎದ್ದು ಕಾರು ಹತ್ತಿದೆ.